ಇಷ್ಟದ ಮಾತು, ಎಚ್ಚರಿಕೆಯ ಮಾತು: ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಪಾಠ

ಇಂಗ್ಲಿಷ್ ಭಾಷೆಯಲ್ಲಿ 'ವುಡ್ ರಾದರ್' ಮತ್ತು 'ಹ್ಯಾಡ್ ಬೆಟರ್' ಎಂಬ ಎರಡು ಚಿಕ್ಕ ನುಡಿಗಟ್ಟುಗಳಿವೆ. ಮೊದಲನೆಯದು ಮಾತನಾಡುವವನು ತನ್ನ ಒಲವನ್ನು ತಿಳಿಸುವುದಕ್ಕೆ ಬಳಕೆಯಾಗುತ್ತದೆ. ಎರಡನೆಯದು ಕೇಳುವವನಿಗೆ ಬಲವಾದ ಬುದ್ಧಿಮಾತು ಹೇಳುವುದಕ್ಕೆ. ಇವುಗಳಲ್ಲಿರುವ ಪದಗಳು ಪ್ರಾಥಮಿಕ ತರಗತಿಯ ಮಕ್ಕಳಿಗೂ ಪರಿಚಿತವಾದವು. ಹಾಗಿದ್ದರೂ ಪದವಿ ಪಡೆದವರು ಸಹ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಪ್ರಯೋಗಿಸುವುದನ್ನು, ಈ ಶಾಲೆಯ ಮೇಲಿನ ತರಗತಿಗಳಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ನಾನು ಅನೇಕ ಸಲ ಕಂಡಿದ್ದೇನೆ. ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನೆನಪುಗಳನ್ನು ಬರೆಯಬಲ್ಲ ಹಿರಿಯರು ಹಲವರಿರುವುದರಿಂದ ನಾನು ಪಾಠವನ್ನೇ ಬರೆದುಕೊಡುವೆನೆಂದು ಒಪ್ಪಿಕೊಂಡೆ. ಮನೆಯ ಅಜ್ಜ ಅಜ್ಜಿಯರೂ ಓದಿ ಮೊಮ್ಮಕ್ಕಳೊಡನೆ ಚರ್ಚಿಸಲೆಂಬ ಆಶೆಯಿಂದ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ಈ ಗೊಂದಲಕ್ಕೆ ಕಾರಣ ನಮ್ಮ ಕನ್ನಡದಲ್ಲಿಯೇ ಇದೆ. 'ಬಸ್ಸಿಗಿಂತ ರೈಲಿನಲ್ಲಿ ಹೋಗುವುದು ಒಳ್ಳೆಯದು' ಎಂದು ನಾವು ಹೇಳುತ್ತೇವೆ. ಇದು ಹೇಳುವವನ ಇಷ್ಟವೋ, ಕೇಳುವವನಿಗೆ ಕೊಟ್ಟ ಸಲಹೆಯೋ? ಎರಡೂ ಆಗಬಹುದು. ಸನ್ನಿವೇಶ, ದನಿ, ಮುಖಭಾವ ಇವೆಲ್ಲ ಸೇರಿ ಅರ್ಥವನ್ನು ನಿಶ್ಚಯಿಸುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಈ ಎರಡಕ್ಕೂ ಬೇರೆ ಬೇರೆ ನುಡಿಗಟ್ಟುಗಳಿರುವುದರಿಂದ ಆಯ್ಕೆಯನ್ನು ನಾವೇ ಮಾಡಬೇಕಾಗುತ್ತದೆ.

ಆಯ್ಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಹೊರ ಊರಿನ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೇಲಧಿಕಾರಿಯ ಮೇಜಿನ ಮೇಲಿಟ್ಟ ಕಡತಕ್ಕೆ ಒಂದು ಚೀಟಿ ಅಂಟಿಸಿದರು: 'ಯೂ ಹ್ಯಾಡ್ ಬೆಟರ್ ಸೈನ್ ದಿಸ್ ಟುಡೇ.' ಅವರ ಮನಸ್ಸಿನಲ್ಲಿದ್ದುದು 'ತಾವು ಇವತ್ತೇ ಸಹಿ ಮಾಡಿದರೆ ಒಳ್ಳೆಯದು' ಎಂಬ ವಿನಯದ ಕನ್ನಡ ವಾಕ್ಯ. ಮೇಲಧಿಕಾರಿ ಓದಿದ್ದು 'ಇವತ್ತೇ ಸಹಿ ಮಾಡು, ಇಲ್ಲದಿದ್ದರೆ ನೋಡಿಕೋ' ಎಂಬ ಬೆದರಿಕೆಯನ್ನು. ಲಿಖಿತ ಸಮಜಾಯಿಷಿ ಕೊಡುವವರೆಗೂ ವಿಷಯ ಹೋಯಿತು. ಆ ಯುವಕನಲ್ಲಿ ಉದ್ಧಟತನ ಎಳ್ಳಷ್ಟೂ ಇರಲಿಲ್ಲ. ಕನ್ನಡದ ಸೌಜನ್ಯವು ಇಂಗ್ಲಿಷಿಗೆ ದಾಟುವಾಗ ದಾರಿಯಲ್ಲಿ ಬಿದ್ದುಹೋಗಿತ್ತು. ಇಂಥದು ನಮ್ಮ ಇತರ ಮಕ್ಕಳಿಗೆ ಒದಗಬಾರದೆಂಬುದೇ ಈ ಪಾಠದ ಉದ್ದೇಶ.

ಒಲವನ್ನು ತಿಳಿಸುವ ಬಗೆ

ಮೊದಲು 'ಪ್ರಿಫರ್' ಎಂಬ ಕ್ರಿಯಾಪದವನ್ನು ನೋಡೋಣ. 'ನನಗೆ ಕಾಫಿಗಿಂತ ಚಹಾ ಇಷ್ಟ' ಎಂಬುದನ್ನು ನಮ್ಮ ಮಕ್ಕಳು 'ಐ ಪ್ರಿಫರ್ ಟೀ ದ್ಯಾನ್ ಕಾಫಿ' ಎಂದು ಬರೆಯುತ್ತಾರೆ. 'ಗಿಂತ' ಎಂದರೆ 'ದ್ಯಾನ್' ಎಂದು ಕಲಿತದ್ದರ ಫಲ ಇದು. ಸರಿಯಾದ ರೂಪ 'ಐ ಪ್ರಿಫರ್ ಟೀ ಟು ಕಾಫಿ.' ಈ 'ಟು' ಏಕೆ ಬಂತೆಂದರೆ, 'ಪ್ರಿಫರ್' ಲ್ಯಾಟಿನ್ ಮೂಲದ ಶಬ್ದ. 'ಪ್ರೇ' ಎಂದರೆ ಮುಂದೆ, 'ಫೆರ್ರೆ' ಎಂದರೆ ಒಯ್ಯುವುದು ಅಥವಾ ಹೊರುವುದು. ಒಂದನ್ನು ಇನ್ನೊಂದಕ್ಕೆ ಮುಂದಾಗಿ ಇರಿಸುವುದು ಎಂಬುದು ಅದರ ಮೂಲಾರ್ಥ. ಲ್ಯಾಟಿನ್ನಿನಿಂದ ಬಂದ 'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಇನ್‌ಫೀರಿಯರ್' ಶಬ್ದಗಳೂ ಇದೇ ಬಳಗದವು. ಅವುಗಳ ಮುಂದೆಯೂ 'ದ್ಯಾನ್' ಬರುವುದಿಲ್ಲ, 'ಟು' ಬರುತ್ತದೆ. ಈ ಐದನ್ನು ಒಟ್ಟಿಗೆ ಬಾಯಿಪಾಠ ಮಾಡಿಸಿದರೆ ಮಗುವಿಗೆ ಮರೆಯುವುದಿಲ್ಲ.

'ಐ ಪ್ರಿಫರ್' ಎಂಬುದು ಸಾಮಾನ್ಯವಾದ, ಯಾವಾಗಲೂ ಇರುವ ಒಲವು. ಈಗ, ಈ ಹೊತ್ತಿಗೆ ಏನು ಬೇಕೆಂಬುದಕ್ಕೆ 'ಐ ವುಡ್ ಪ್ರಿಫರ್' ಎನ್ನಬೇಕು. ಮನೆಗೆ ಬಂದವರು ಏನು ಕುಡಿಯುವಿರೆಂದು ಕೇಳಿದಾಗ 'ಐ ವುಡ್ ಪ್ರಿಫರ್ ಟೀ' ಎಂಬುದು ತಕ್ಕ ಉತ್ತರ.

ಇದೇ ಅರ್ಥವನ್ನು ಇನ್ನಷ್ಟು ಸಲೀಸಾಗಿ ಹೇಳುವ ನುಡಿಗಟ್ಟು 'ವುಡ್ ರಾದರ್.' ಇದರ ಮುಂದೆ ಕ್ರಿಯಾಪದದ ಮೂಲರೂಪ ಬರುತ್ತದೆ, 'ಟು' ಬರುವುದಿಲ್ಲ. ಎರಡನ್ನು ಹೋಲಿಸುವಾಗ 'ದ್ಯಾನ್' ಬರುತ್ತದೆ. 'ಐ ವುಡ್ ರಾದರ್ ವಾಕ್ ದ್ಯಾನ್ ವೇಟ್ ಫಾರ್ ದ ಬಸ್.' ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೇವೆ? 'ಬಸ್ಸಿಗೆ ಕಾಯುವುದಕ್ಕಿಂತ ನಡೆದೇ ಹೋಗುತ್ತೇನೆ.' ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕನ್ನಡವು ಬೇಡವಾದದ್ದನ್ನು ಮೊದಲು ಹೇಳಿ, ಬೇಕಾದದ್ದನ್ನು ಕೊನೆಗೆ ಇಡುತ್ತದೆ; ಇಂಗ್ಲಿಷು ಬೇಕಾದದ್ದನ್ನು ಮುಂದಿಟ್ಟು, ಬೇಡವಾದದ್ದನ್ನು ಬಾಲಕ್ಕೆ ಕಟ್ಟುತ್ತದೆ. ಎರಡನೆಯದಾಗಿ, 'ರಾದರ್' ಎಂಬುದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಪದವನ್ನು ಹುಡುಕಬೇಕಾಗಿಲ್ಲ; 'ನಡೆದೇ' ಎಂಬಲ್ಲಿರುವ ಅವಧಾರಣೆಯ ಏಕಾರವೇ ಆ ಕೆಲಸ ಮಾಡುತ್ತದೆ.

'ರಾದರ್' ಶಬ್ದದ ಚರಿತ್ರೆ ಸ್ವಾರಸ್ಯಕರವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಬೇಗ, ಶೀಘ್ರ ಎಂಬ ಅರ್ಥದ ಶಬ್ದವೊಂದಿತ್ತು. ಅದರ ತರತಮ ರೂಪವೇ 'ರಾದರ್', ಅಂದರೆ 'ಹೆಚ್ಚು ಬೇಗ.' ಯಾವುದನ್ನು ಬೇಗ ಮಾಡಲು ಮನಸ್ಸು ಬರುತ್ತದೆಯೋ ಅದೇ ಹೆಚ್ಚು ಇಷ್ಟವಾದದ್ದು ಎಂಬುದು ಇದರ ಹಿಂದಿನ ಭಾವ. ಇದೇ ಅರ್ಥದಲ್ಲಿ 'ವುಡ್ ಸೂನರ್' ಎಂದು ಇಂದಿಗೂ ಹೇಳುವುದುಂಟು. ಒಂದು ಕಾಲದಲ್ಲಿ 'ಹ್ಯಾಡ್ ರಾದರ್' ಎಂಬ ರೂಪವೂ ಪ್ರಚಾರದಲ್ಲಿತ್ತು. ಸ್ಯಾಮ್ಯುಯೆಲ್ ಜಾನ್ಸನ್ನನು 1755ರ ತನ್ನ ನಿಘಂಟಿನಲ್ಲಿ ಅದನ್ನು ಇತ್ತೀಚೆಗೆ ನುಸುಳಿದ ಅಶುದ್ಧ ಪ್ರಯೋಗವೆಂದು ಹಳಿದನು. ವಾಸ್ತವದಲ್ಲಿ 1611ರ ಇಂಗ್ಲಿಷ್ ಬೈಬಲಿನಲ್ಲಿಯೇ ಆ ರೂಪವಿದೆ. ಬಳಕೆಯ ಭಾಷೆಯು ಪಂಡಿತರ ತೀರ್ಪಿಗೆ ಕಾದು ಕುಳಿತಿರುವುದಿಲ್ಲವೆಂಬುದಕ್ಕೆ ಇದು ಉದಾಹರಣೆ. ಇಂದಿನ ವಿದ್ಯಾರ್ಥಿಗಳು 'ವುಡ್ ರಾದರ್' ಎಂದೇ ಬರೆಯಲಿ.

ನಿಷೇಧ ರೂಪವು 'ವುಡ್ ರಾದರ್ ನಾಟ್.' ಬೇಡವೆಂದು ಹೇಳುವ ಸಭ್ಯ ರೀತಿ ಇದು. 'ಐ ವುಡ್ ರಾದರ್ ನಾಟ್ ಸ್ಪೀಕ್ ಅಬೌಟ್ ಇಟ್' ಎಂದರೆ 'ಆ ವಿಷಯ ಬಿಟ್ಟುಬಿಡೋಣ' ಎಂದಂತೆ. ಅಮೆರಿಕದ ಲೇಖಕ ಹರ್ಮನ್ ಮೆಲ್ವಿಲ್ 1853ರಲ್ಲಿ ಪ್ರಕಟಿಸಿದ 'ಬಾರ್ಟ್ಲ್‌ಬಿ' ಎಂಬ ಕತೆಯಲ್ಲಿ ವಕೀಲರ ಕಚೇರಿಯ ಗುಮಾಸ್ತನೊಬ್ಬನಿದ್ದಾನೆ. ಆತ ಯಾವ ಕೆಲಸಕ್ಕೂ 'ಮಾಡುವುದಿಲ್ಲ' ಎನ್ನುವುದಿಲ್ಲ. 'ಪ್ರಿಫರ್' ಶಬ್ದವನ್ನು ಮಾತ್ರ ಬಳಸಿ, ಮಾಡದಿರುವುದೇ ತನಗೆ ಇಷ್ಟವೆಂದು ಮೆಲುದನಿಯಲ್ಲಿ ಹೇಳುತ್ತಾನೆ. ಆ ಸಭ್ಯತೆಯೆದುರು ಯಜಮಾನನೇ ಕೈಚೆಲ್ಲಿ ಕುಳಿತುಕೊಳ್ಳುತ್ತಾನೆ. ಇಷ್ಟವನ್ನು ತಿಳಿಸುವ ಮಾತಿಗೆ ಎಷ್ಟು ಬಲವಿದೆಯೆಂಬುದು ಈ ಕತೆಯಿಂದ ತಿಳಿಯುತ್ತದೆ.

ಇನ್ನೊಬ್ಬರು ಏನು ಮಾಡಿದರೆ ನಮಗೆ ಇಷ್ಟ ಎಂಬುದನ್ನು ಹೇಳುವಾಗ ನಮ್ಮ ಮಕ್ಕಳು ತಬ್ಬಿಬ್ಬಾಗುತ್ತಾರೆ. 'ನೀನು ನಾಳೆ ಬಂದರೆ ನನಗೆ ಅನುಕೂಲ' ಎಂಬುದನ್ನು 'ಐ ವುಡ್ ರಾದರ್ ಯೂ ಕೇಮ್ ಟುಮಾರೋ' ಎನ್ನಬೇಕು. 'ಕೇಮ್' ಭೂತಕಾಲ, 'ಟುಮಾರೋ' ಭವಿಷ್ಯತ್ತು. ಇವೆರಡು ಹೇಗೆ ಕೂಡುತ್ತವೆಂದು ಪ್ರತಿವರ್ಷವೂ ತರಗತಿಯಲ್ಲಿ ಪ್ರಶ್ನೆ ಬರುತ್ತಿತ್ತು. ನಾನು ಕೊಡುತ್ತಿದ್ದ ಉತ್ತರ ಇದು: 'ನಾಳೆ ಬಂದರೆ' ಎನ್ನುವಾಗ ನೀವು ಏನು ಮಾಡುತ್ತೀರಿ? 'ಬಂದರೆ' ಎಂಬುದರಲ್ಲಿ 'ಬಂದ', 'ಬಂದನು' ಎಂಬಲ್ಲಿರುವ ಭೂತಕಾಲದ ಅಂಗವೇ ಇದೆಯಲ್ಲವೇ? ಹೋದರೆ, ಮಾಡಿದರೆ, ತಿಂದರೆ, ಎಲ್ಲವೂ ಹಾಗೆಯೇ. ಇನ್ನೂ ನಡೆಯದ, ಮನಸ್ಸಿನಲ್ಲಿ ಮಾತ್ರ ಇರುವ ಸಂಗತಿಯನ್ನು ಹೇಳಲು ಕನ್ನಡವು ಭೂತಕಾಲದ ಅಂಗವನ್ನು ಎರವಲು ಪಡೆಯುತ್ತದೆ. ಇಂಗ್ಲಿಷೂ ಇಲ್ಲಿ ಅದನ್ನೇ ಮಾಡುತ್ತದೆ. ಈ ಹೋಲಿಕೆಯನ್ನು ಕಂಡ ಮೇಲೆ ನಿಯಮವನ್ನು ಉರುಹಾಕುವ ಅಗತ್ಯ ಉಳಿಯುವುದಿಲ್ಲ.

ನಡೆದುಹೋದುದರ ಬಗ್ಗೆ 'ಹಾಗಾಗಿದ್ದರೆ ಚೆನ್ನಾಗಿತ್ತು' ಎಂಬ ಹಳಹಳಿಕೆಗೆ 'ವುಡ್ ರಾದರ್ ಹ್ಯಾವ್' ಬರುತ್ತದೆ. 'ಐ ವುಡ್ ರಾದರ್ ಹ್ಯಾವ್ ಸ್ಟೇಡ್ ಅಟ್ ಹೋಮ್', ಅಂದರೆ 'ಮನೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು.' ಇಲ್ಲಿಯೂ 'ಉಳಿದಿದ್ದರೆ' ಎಂಬ ರೂಪವನ್ನು ಗಮನಿಸಿರಿ.

ಬಲವಾದ ಬುದ್ಧಿಮಾತು

ಇನ್ನು 'ಹ್ಯಾಡ್ ಬೆಟರ್.' ಇದರ ಮುಂದೆಯೂ ಕ್ರಿಯಾಪದದ ಮೂಲರೂಪವೇ ಬರುತ್ತದೆ. 'ಯೂ ಹ್ಯಾಡ್ ಬೆಟರ್ ಟು ಗೋ' ಎಂಬುದೂ 'ಯೂ ಹ್ಯಾಡ್ ಬೆಟರ್ ವೆಂಟ್' ಎಂಬುದೂ ತಪ್ಪು; 'ಯೂ ಹ್ಯಾಡ್ ಬೆಟರ್ ಗೋ' ಎಂಬುದು ಸರಿ. 'ಹ್ಯಾಡ್' ಎಂದು ಇದ್ದರೂ ಇದಕ್ಕೂ ಭೂತಕಾಲಕ್ಕೂ ಸಂಬಂಧವಿಲ್ಲ. ಈಗ ಅಥವಾ ಇನ್ನು ಮುಂದೆ ಮಾಡಬೇಕಾದ ಕೆಲಸಕ್ಕಷ್ಟೇ ಇದರ ಬಳಕೆ. 'ನಿನ್ನೆಯೇ ಹೋಗಬೇಕಾಗಿತ್ತು' ಎನ್ನಲು 'ಯೂ ಶುಡ್ ಹ್ಯಾವ್ ಗಾನ್ ಯೆಸ್ಟರ್‌ಡೇ' ಎನ್ನಬೇಕು. ನಿಷೇಧದಲ್ಲಿ 'ನಾಟ್' ಎಂಬುದು 'ಬೆಟರ್' ಆದ ಮೇಲೆ ಬರುತ್ತದೆ: 'ಯೂ ಹ್ಯಾಡ್ ಬೆಟರ್ ನಾಟ್ ಕ್ರಾಸ್ ದ ರಿವರ್ ನೌ', 'ಈಗ ಹೊಳೆ ದಾಟಬೇಡ, ಅಪಾಯವಿದೆ.'

ಮಾತಿನಲ್ಲಿ ಇವೆರಡೂ ಮೊಟಕಾಗುವುದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. 'ವುಡ್' ಮತ್ತು 'ಹ್ಯಾಡ್' ಎರಡೂ ಕೊನೆಯ 'ಡ್' ಮಾತ್ರವಾಗಿ ಉಳಿಯುತ್ತವೆ: 'ಹೀಡ್ ರಾದರ್', 'ಹೀಡ್ ಬೆಟರ್.' ಬರೆಯುವಾಗ ಮಕ್ಕಳು 'ವುಡ್ ಬೆಟರ್ ಗೋ' ಎಂದು ಬರೆದುಬಿಡುತ್ತಾರೆ. 'ರಾದರ್' ಇದ್ದಲ್ಲಿ 'ವುಡ್', 'ಬೆಟರ್' ಇದ್ದಲ್ಲಿ 'ಹ್ಯಾಡ್' ಎಂದು ಜೋಡಿಯಾಗಿ ನೆನಪಿಡುವುದು ಸುಲಭದ ಉಪಾಯ.

ರೂಪಕ್ಕಿಂತ ಮುಖ್ಯವಾದದ್ದು ಇದರ ಬಲ. ನಮ್ಮ ಕಡೆಯ ಮಳೆಗಾಲವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಕೊಡೆಯ ವಿಷಯದ ಒಂದೇ ಮಾತನ್ನು ಐದು ಮೆಟ್ಟಿಲುಗಳಲ್ಲಿ ಹೇಳೋಣ.

ಮೊದಲನೆಯದು: 'ಯೂ ಕುಡ್ ಟೇಕ್ ಆ್ಯನ್ ಅಂಬ್ರೆಲ್ಲಾ.' ಬೇಕಾದರೆ ಕೊಡೆ ಒಯ್ಯಬಹುದು.

ಎರಡನೆಯದು: 'ಇಟ್ ವುಡ್ ಬಿ ಬೆಟರ್ ಟು ಟೇಕ್ ಆ್ಯನ್ ಅಂಬ್ರೆಲ್ಲಾ.' ಕೊಡೆ ಒಯ್ದರೆ ಒಳ್ಳೆಯದು.

ಮೂರನೆಯದು: 'ಯೂ ಶುಡ್ ಟೇಕ್ ಆ್ಯನ್ ಅಂಬ್ರೆಲ್ಲಾ.' ಕೊಡೆ ಒಯ್ಯಬೇಕು.

ನಾಲ್ಕನೆಯದು: 'ಯೂ ಹ್ಯಾಡ್ ಬೆಟರ್ ಟೇಕ್ ಆ್ಯನ್ ಅಂಬ್ರೆಲ್ಲಾ.' ಕೊಡೆ ತೆಗೆದುಕೊಂಡೇ ಹೋಗು, ಇಲ್ಲದಿದ್ದರೆ ನೆನೆಯುತ್ತೀಯೆ.

ಐದನೆಯದು: 'ಯೂ ಮಸ್ಟ್ ಟೇಕ್ ಆ್ಯನ್ ಅಂಬ್ರೆಲ್ಲಾ.' ಕೊಡೆ ಒಯ್ಯಲೇಬೇಕು.

'ಕೊಡೆ ಒಯ್ದರೆ ಒಳ್ಳೆಯದು' ಎಂಬ ನಮ್ಮ ಕನ್ನಡ ವಾಕ್ಯ ಎರಡನೆಯ ಮೆಟ್ಟಿಲಿನಲ್ಲಿದೆ. 'ಹ್ಯಾಡ್ ಬೆಟರ್' ಇರುವುದು ನಾಲ್ಕನೆಯದರಲ್ಲಿ. 'ಬೆಟರ್' ಎಂಬ ಶಬ್ದವನ್ನು ಕಂಡು ಅದನ್ನು 'ಒಳ್ಳೆಯದು' ಎಂದು ತಿಳಿಯುವುದರಿಂದಲೇ ಅನರ್ಥವಾಗುತ್ತದೆ. 'ಹ್ಯಾಡ್ ಬೆಟರ್' ಎಂಬುದರ ಬೆನ್ನಿಗೆ 'ಇಲ್ಲದಿದ್ದರೆ' ಎಂಬ ಪದ ಅಡಗಿಕೊಂಡಿದೆ. ನೀವು ಹೇಳಬೇಕೆಂದಿರುವ ವಾಕ್ಯದ ಕೊನೆಗೆ 'ಇಲ್ಲದಿದ್ದರೆ' ಎಂದು ಸೇರಿಸಿ ನೋಡಿರಿ. ಹೊಂದಿದರೆ 'ಹ್ಯಾಡ್ ಬೆಟರ್' ಬಳಸಬಹುದು, ಹೊಂದದಿದ್ದರೆ ಬಳಸಬಾರದು. ಮೂರನೆಯ ಮೆಟ್ಟಿಲಿನ 'ಶುಡ್' ಎಂಬುದು ಸಾಮಾನ್ಯ ಧರ್ಮಕ್ಕೂ ಒಪ್ಪುತ್ತದೆ: 'ವೀ ಶುಡ್ ರೆಸ್ಪೆಕ್ಟ್ ಅವರ್ ಎಲ್ಡರ್ಸ್', ಹಿರಿಯರನ್ನು ಗೌರವಿಸಬೇಕು. ಇಲ್ಲಿ 'ಹ್ಯಾಡ್ ಬೆಟರ್' ಸಲ್ಲದು, ಏಕೆಂದರೆ ಅದು ಒಂದು ನಿರ್ದಿಷ್ಟ ಸಂದರ್ಭದಲ್ಲಿ, ಕಣ್ಣೆದುರಿಗಿರುವ ಕೇಡನ್ನು ತಪ್ಪಿಸುವುದಕ್ಕಾಗಿ ಹೇಳುವ ಮಾತು.

ತಾಳಮದ್ದಳೆಯ ಅಭಿಮಾನಿಗಳಾದ ನಮ್ಮ ಊರಿನವರಿಗೆ ಕೃಷ್ಣಸಂಧಾನದ ಪ್ರಸಂಗವನ್ನು ನೆನಪಿಸಿದರೆ ಈ ಭೇದವೆಲ್ಲ ಒಮ್ಮೆಗೇ ಸ್ಪಷ್ಟವಾಗುತ್ತದೆ. ವಿದುರನು ಕೌರವನಿಗೆ ಹೇಳುವುದು ಧರ್ಮದ ಮಾತು, ಅದು 'ಶುಡ್.' ಸಭೆಗೆ ಬಂದ ಕೃಷ್ಣನು ಐದು ಗ್ರಾಮಗಳನ್ನಾದರೂ ಕೊಡೆಂದು ಹೇಳಿ, ಕೊಡದಿದ್ದರೆ ಕುಲಕ್ಕೆ ಒದಗುವ ಕೇಡನ್ನು ತೋರಿಸುತ್ತಾನೆ. ಅದು 'ಹ್ಯಾಡ್ ಬೆಟರ್.' ಇದಕ್ಕೆ ಕೌರವನು ಕೊಡುವ ಉತ್ತರವನ್ನು ಇಂಗ್ಲಿಷಿಗೆ ತಂದರೆ 'ಐ ವುಡ್ ರಾದರ್ ಫೈಟ್ ದ್ಯಾನ್ ಗಿವ್ ದೆಮ್ ಫೈವ್ ವಿಲೇಜಸ್' ಎಂದಾಗುತ್ತದೆ. ಎಚ್ಚರಿಕೆಯ ಮಾತಿಗೆ ಇಷ್ಟದ ಮಾತಿನಿಂದ ಉತ್ತರ ಕೊಟ್ಟವನ ಗತಿ ಏನಾಯಿತೆಂಬುದನ್ನು ಅರ್ಥಧಾರಿಗಳು ಬೆಳಗಿನವರೆಗೆ ವಿವರಿಸುವುದನ್ನು ನಾವು ಕೇಳಿಯೇ ಇದ್ದೇವೆ.

ಇಂಗ್ಲಿಷಿಗೂ ಒಮ್ಮೆ 'ನನಗೆ' ಎನ್ನುವ ರೂಢಿಯಿತ್ತು

'ಹ್ಯಾಡ್ ಬೆಟರ್' ಎಂಬಲ್ಲಿ 'ಹ್ಯಾಡ್' ಏಕೆ ಬಂತೆಂಬುದು ಹಲವರ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನಮ್ಮ ಮನೆಯಂಗಳಕ್ಕೇ ಬಂದು ನಿಲ್ಲುತ್ತೇವೆ. ಹಳೆಯ ಇಂಗ್ಲಿಷಿನಲ್ಲಿ 'ಹಿಮ್ ವೇರೆ ಬೆಟೆರೆ' ಎಂಬ ಬಗೆಯ ವಾಕ್ಯಗಳಿದ್ದವು. ಇಲ್ಲಿ 'ಹಿಮ್' ಎಂಬುದು 'ಅವನನ್ನು' ಎಂದಲ್ಲ, 'ಅವನಿಗೆ' ಎಂಬ ಚತುರ್ಥೀ ವಿಭಕ್ತಿಯ ರೂಪ. 'ಅವನಿಗೆ ಅದು ಒಳ್ಳೆಯದು' ಎಂಬುದೇ ವಾಕ್ಯದ ಅರ್ಥ. ಇಂಗ್ಲಿಷಿನಲ್ಲಿ ವಿಭಕ್ತಿ ಪ್ರತ್ಯಯಗಳು ಸವೆದುಹೋದಂತೆ 'ಅವನಿಗೆ' ಎಂಬುದು 'ಅವನು' ಆಯಿತು. ಅದರೊಡನೆ ಕ್ರಿಯಾಪದವೂ ಬದಲಾಗಿ 'ಹೀ ಹ್ಯಾಡ್ ಬೆಟರ್' ಎಂಬ ರೂಪ ನೆಲೆನಿಂತಿತು.

ಇದೊಂದೇ ಅಲ್ಲ. ಇಂದು 'ಐ ಲೈಕ್' ಎನ್ನುವವರ ಪೂರ್ವಿಕರು ಅದನ್ನು 'ನನಗೆ ಹಿಡಿಸುತ್ತದೆ' ಎಂಬ ಬಗೆಯಲ್ಲಿ ಹೇಳುತ್ತಿದ್ದರು. ಆಗ 'ಲೈಕ್' ಎಂದರೆ ಹಿಡಿಸು, ಮೆಚ್ಚಿಕೆಯಾಗು ಎಂಬ ಅರ್ಥವಿತ್ತು. 'ಮಿಥಿಂಕ್ಸ್' ಎಂಬ ಹಳೆಯ ಪ್ರಯೋಗಕ್ಕೆ 'ನನಗೆ ತೋರುತ್ತದೆ' ಎಂದೇ ಅರ್ಥ. 'ಇಫ್ ಯೂ ಪ್ಲೀಸ್' ಎಂಬುದೂ ಮೂಲದಲ್ಲಿ 'ನಿಮಗೆ ಒಪ್ಪಿಗೆಯಾದರೆ' ಎಂಬುದೇ. ನಾವು ಕನ್ನಡದಲ್ಲಿ 'ನನಗೆ ಇಷ್ಟ', 'ನನಗೆ ಬೇಕು' ಎನ್ನುತ್ತೇವೆ. ತುಳುವಿನಲ್ಲಿ 'ಎಂಕ್ ಇಷ್ಟ' ಎನ್ನುತ್ತೇವೆ. ನೆರೆಯ ಮಲಯಾಳದಲ್ಲಿ 'ಎನಿಕ್ಕ್ ಇಷ್ಟಮಾಣ್' ಎನ್ನುತ್ತಾರೆ. ಎಲ್ಲವೂ ಚತುರ್ಥಿಯೇ. ಇಷ್ಟವೆಂಬುದು ಮನುಷ್ಯನು ಮಾಡುವ ಕೆಲಸವಲ್ಲ, ಅವನಿಗೆ ಬಂದು ಒದಗುವ ಅನುಭವ ಎಂಬ ತಿಳಿವಳಿಕೆ ಈ ಭಾಷೆಗಳಲ್ಲಿ ಉಳಿದಿದೆ. ಇಂಗ್ಲಿಷಿನಲ್ಲಿ ಅದು ಮರೆಯಾಗಿ, ಬಯಸುವವನೇ ಕರ್ತೃವಾಗಿ ನಿಂತಿದ್ದಾನೆ. 'ಟು ಮೀ ಇಟ್ ಈಸ್ ಲೈಕಿಂಗ್' ಎಂದು ಬರೆದ ಮಗುವನ್ನು ಗದರಿಸುವ ಬದಲು, 'ಮಗೂ, ಸಾವಿರ ವರ್ಷ ಮೊದಲು ಅವರೂ ನಿನ್ನ ಹಾಗೆಯೇ ವಾಕ್ಯ ಕಟ್ಟುತ್ತಿದ್ದರು, ಈಗ ಹೀಗೆ ಹೇಳುತ್ತಾರೆ' ಎಂದು ತಿಳಿಹೇಳಿದರೆ ಅದು ತನ್ನ ಭಾಷೆಯನ್ನು ಕುರಿತು ನಾಚಿಕೊಳ್ಳದೆ ಇನ್ನೊಂದನ್ನು ಕಲಿಯುತ್ತದೆ.

ಯಾರು ಯಾರಿಗೆ ಹೇಳಬಹುದು?

ಕನ್ನಡದಲ್ಲಿ ಮರ್ಯಾದೆಯನ್ನು ತೋರಲು ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. 'ತಾವು' ಎಂದ ಮೇಲೆ ಎಂಥ ಗಟ್ಟಿ ಸಲಹೆಯೂ ಮೃದುವಾಗುತ್ತದೆ. ಇಂಗ್ಲಿಷಿನಲ್ಲಿ ತಂದೆಗೂ ಮಗನಿಗೂ ಇರುವುದು ಒಂದೇ 'ಯೂ.' ಆದುದರಿಂದ ಅಲ್ಲಿ ಮರ್ಯಾದೆ ವಾಕ್ಯದ ಕಟ್ಟಡದಲ್ಲಿ ಇರಬೇಕಾಗುತ್ತದೆ. ತಂದೆ ಮಗನಿಗೆ, ಗುರು ಶಿಷ್ಯನಿಗೆ, ವೈದ್ಯರು ರೋಗಿಗೆ, ಗೆಳೆಯ ಗೆಳೆಯನಿಗೆ 'ಯೂ ಹ್ಯಾಡ್ ಬೆಟರ್' ಎನ್ನಬಹುದು. ಕಿರಿಯರು ಹಿರಿಯರಿಗೆ, ನೌಕರರು ಅಧಿಕಾರಿಗೆ, ಅರ್ಜಿದಾರರು ಕಚೇರಿಗೆ ಹಾಗೆನ್ನಬಾರದು. ಮೇಲೆ ಹೇಳಿದ ಚೀಟಿಯಲ್ಲಿ 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯೂ ಕುಡ್ ಸೈನ್ ದಿಸ್ ಟುಡೇ' ಎಂದಿದ್ದರೆ ಯಾವ ಕೇಡೂ ಇರುತ್ತಿರಲಿಲ್ಲ.

ತನಗೆ ತಾನೇ ಹೇಳಿಕೊಳ್ಳುವಾಗ ಮಾತ್ರ 'ಹ್ಯಾಡ್ ಬೆಟರ್' ನಿರಪಾಯಕರ. 'ಐ ಹ್ಯಾಡ್ ಬೆಟರ್ ಗೋ ನೌ' ಎಂಬುದು ನೆಂಟರ ಮನೆಯಿಂದ ಹೊರಡುವಾಗ ಹೇಳುವ ಸಭ್ಯವಾದ ಮಾತು. ನಮ್ಮ 'ನಾನಿನ್ನು ಹೊರಡಬೇಕು' ಎಂಬುದಕ್ಕೆ ಸಮಾನ.

'ಮಸ್ಟ್' ವಿಷಯದಲ್ಲಿ ಒಂದು ವಿಶೇಷವಿದೆ. ಅದು ಎಲ್ಲಕ್ಕಿಂತ ಬಲವಾದದ್ದು. ಹಾಗಿದ್ದರೂ 'ಯೂ ಮಸ್ಟ್ ಕಮ್ ಟು ಅವರ್ ಹೌಸ್' ಎಂಬುದು ಆಜ್ಞೆಯಲ್ಲ, ಆದರದ ಕರೆ. ನಾವು ಮದುವೆಯ ಕರೆಯೋಲೆಯಲ್ಲಿ 'ತಾವು ಸಕುಟುಂಬರಾಗಿ ಬರಬೇಕು' ಎಂದು ಬರೆಯುವುದಿಲ್ಲವೇ? ಕೆಲಸದ ಸುಖ ಕೇಳುವವನದ್ದಾದರೆ ಒತ್ತಾಯವೂ ಪ್ರೀತಿಯಾಗುತ್ತದೆ. ಪ್ರಯೋಜನ ಹೇಳುವವನದ್ದಾದರೆ ಅದು ಅಧಿಕಾರವಾಗುತ್ತದೆ. ಈ ವಿವೇಕ ಎರಡೂ ಭಾಷೆಗಳಿಗೆ ಸಮಾನವಾದದ್ದು.

ಇದೇ ಪ್ರಸಂಗದಲ್ಲಿ 'ಅಡ್ವೈಸ್' ಮತ್ತು 'ಸಜೆಸ್ಟ್' ಎಂಬ ಎರಡು ಕ್ರಿಯಾಪದಗಳನ್ನೂ ಹೇಳಿಬಿಡುತ್ತೇನೆ. 'ಹೀ ಅಡ್ವೈಸ್ಡ್ ಮೀ ಟು ಗೋ' ಎಂಬುದು ಸರಿ. 'ಹೀ ಸಜೆಸ್ಟೆಡ್ ಮೀ ಟು ಗೋ' ಎಂಬುದು ತಪ್ಪು. 'ಹೀ ಸಜೆಸ್ಟೆಡ್ ದ್ಯಾಟ್ ಐ ಶುಡ್ ಗೋ' ಎನ್ನಬೇಕು. ಇನ್ನು ಸಲಹೆ ಎಂಬ ನಾಮಪದಕ್ಕೆ ಇಂಗ್ಲಿಷಿನಲ್ಲಿ ಬಹುವಚನವಿಲ್ಲ. ನಾವು ಸಲಹೆಗಳನ್ನು ಕೊಡುತ್ತೇವೆ. ಅವರು ಎಷ್ಟು ಕೊಟ್ಟರೂ ಅದು ಒಂದೇ 'ಅಡ್ವೈಸ್.'

ಮನವಿ ಬರೆಯುವವರಿಗೆ

ಈ ಪಾಠ ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲವೆಂದು ನಾನು ತಿಳಿದಿದ್ದೇನೆ. ನಮ್ಮ ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಅಂದು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಪಸಂಖ್ಯಾತ ಭಾಷಿಕರಾದ ನಾವು ಮನವಿಗಳನ್ನು ಬರೆಯುತ್ತಲೇ ಬಂದಿದ್ದೇವೆ. 2017ರಲ್ಲಿ ರಾಜ್ಯದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗಲೂ ಇಲ್ಲಿಯ ಕನ್ನಡಿಗರು ತಮ್ಮ ಕಳವಳವನ್ನು ಸರಕಾರಕ್ಕೆ ತಿಳಿಸಬೇಕಾಯಿತು. ಕನ್ನಡ ಬಾರದ ಅಧಿಕಾರಿಗೆ ಬರೆಯುವಾಗ ಇಂಗ್ಲಿಷ್ ನಮಗೆ ಸೇತುವೆ. ಆ ಸೇತುವೆಯ ಮೇಲೆ ನಾವು ಬೇಡುವವರಂತೆಯೂ ನಡೆಯಬಾರದು, ಗದರುವವರಂತೆಯೂ ನಡೆಯಬಾರದು.

ಇಲ್ಲಿ ಮೂರು ಬಗೆಯ ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಅನುಕೂಲದ ವಿಷಯವಾದರೆ ಒಲವಿನ ಮಾತು ಸಾಕು: 'ವೀ ವುಡ್ ಪ್ರಿಫರ್ ಟು ಹ್ಯಾವ್ ದ ಮೀಟಿಂಗ್ ಆನ್ ಎ ಸಂಡೇ.' ಸಭೆ ಭಾನುವಾರವಾದರೆ ನಮಗೆ ಅನುಕೂಲ. ಅಪಾಯದ ವಿಷಯವಾದರೆ ಕಾರಣವನ್ನು ಸ್ಪಷ್ಟವಾಗಿ ಬರೆದು 'ಶುಡ್' ಬಳಸಬೇಕು: 'ದ ರೂಫ್ ಶುಡ್ ಬಿ ರಿಪೇರ್ಡ್ ಬಿಫೋರ್ ದ ಮಾನ್ಸೂನ್.' ಮಳೆಗಾಲಕ್ಕೆ ಮೊದಲು ಮಾಡು ದುರಸ್ತಿಯಾಗಬೇಕು. ಹಕ್ಕಿನ ವಿಷಯವಾದರೆ 'ಪ್ರಿಫರ್' ಎಂಬ ಶಬ್ದವೇ ಬರಕೂಡದು. ನಮ್ಮ ಸಂವಿಧಾನದ 350ನೆಯ ಅನುಚ್ಛೇದವು, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿಯನ್ನು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳಿದೆ. ಆ 'ತಕ್ಕದ್ದು' ಎಂಬುದಕ್ಕೆ ಇಂಗ್ಲಿಷ್ ಪಾಠದಲ್ಲಿರುವ ಶಬ್ದ 'ಶಲ್.' ಕನ್ನಡದಲ್ಲಿ ಮನವಿ ಕೊಡುವ ಹಕ್ಕನ್ನು ಕುರಿತು ಬರೆಯುವಾಗ 'ವೀ ವುಡ್ ಪ್ರಿಫರ್' ಎಂದರೆ ಇರುವ ಹಕ್ಕನ್ನು ನಾವೇ ಬರಿಯ ಇಷ್ಟದ ಮಟ್ಟಕ್ಕೆ ಇಳಿಸಿದಂತಾಗುತ್ತದೆ; 'ಯೂ ಹ್ಯಾಡ್ ಬ‌ೆಟರ್' ಎಂದರೆ ನ್ಯಾಯವಾದ ಮಾತು ಜಗಳದ ಮಾತಾಗುತ್ತದೆ. 'ವೀ ಆರ್ ಎನ್‌ಟೈಟಲ್ಡ್ ಟು', ಅಂದರೆ 'ನಮಗೆ ಹಕ್ಕಿದೆ' ಎಂದು ಬರೆದರೆ ಅದರಲ್ಲಿ ದೈನ್ಯವೂ ಇಲ್ಲ, ದರ್ಪವೂ ಇಲ್ಲ.

ಅಭ್ಯಾಸ

ಮಕ್ಕಳಿಗೂ ಮನೆಯವರಿಗೂ ಐದು ವಾಕ್ಯಗಳನ್ನು ಕೊಡುತ್ತೇನೆ. ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿರಿ.

1. ಪೇಟೆಗಿಂತ ಹಳ್ಳಿಯಲ್ಲಿರುವುದೇ ನನಗೆ ಇಷ್ಟ. ಉತ್ತರ: 'ಐ ವುಡ್ ರಾದರ್ ಲಿವ್ ಇನ್ ಎ ವಿಲೇಜ್ ದ್ಯಾನ್ ಇನ್ ಎ ಟೌನ್.'

2. ರೈಲು ಹೊರಡುವ ಹೊತ್ತಾಯಿತು, ಬೇಗ ನಡೆಯೋಣ, ಇಲ್ಲದಿದ್ದರೆ ತಪ್ಪಿಹೋಗುತ್ತದೆ. ಉತ್ತರ: 'ವೀ ಹ್ಯಾಡ್ ಬೆಟರ್ ಹರಿ, ಆರ್ ವೀ ವಿಲ್ ಮಿಸ್ ದ ಟ್ರೇನ್.'

3. ನೀವು ಆ ವಿಷಯವನ್ನು ಯಾರಿಗೂ ಹೇಳದಿದ್ದರೆ ನನಗೆ ಸಮಾಧಾನ. ಉತ್ತರ: 'ಐ ವುಡ್ ರಾದರ್ ಯೂ ಡಿಡ್ ನಾಟ್ ಟೆಲ್ ಎನಿವನ್.'

4. ನನ್ನ ತಮ್ಮನಿಗೆ ಕ್ರಿಕೆಟಿಗಿಂತ ವಾಲಿಬಾಲ್ ಇಷ್ಟ. ಉತ್ತರ: 'ಮೈ ಬ್ರದರ್ ಪ್ರಿಫರ್ಸ್ ವಾಲಿಬಾಲ್ ಟು ಕ್ರಿಕೆಟ್.'

5. ಸ್ವಾಮೀ, ತಾವು ನಮ್ಮ ಶಾಲೆಗೊಮ್ಮೆ ಭೇಟಿ ಕೊಟ್ಟರೆ ಒಳ್ಳೆಯದು. ಉತ್ತರ: 'ಸರ್, ವೀ ವುಡ್ ಬಿ ಗ್ರೇಟ್‌ಫುಲ್ ಇಫ್ ಯೂ ಕುಡ್ ವಿಸಿಟ್ ಅವರ್ ಸ್ಕೂಲ್.' ಇಲ್ಲಿ 'ಹ್ಯಾಡ್ ಬೆಟರ್' ಬರೆದವರು ನಾಲ್ಕನೆಯ ಮೆಟ್ಟಿಲನ್ನು ಇನ್ನೊಮ್ಮೆ ಓದತಕ್ಕದ್ದು!

ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕಾದರೆ ಕನ್ನಡವನ್ನು ಬದಿಗಿಡಬೇಕೆಂದು ತಂದೆತಾಯಿಗಳು ಹೇಳುವುದನ್ನು ನಾನು ಆಗಾಗ ಕೇಳುತ್ತೇನೆ. ಮೇಲಿನ ಪಾಠದಲ್ಲಿ 'ಕೇಮ್' ಎಂಬುದನ್ನು ತಿಳಿಸಿಕೊಟ್ಟದ್ದು 'ಬಂದರೆ'; 'ರಾದರ್' ಎಂಬುದನ್ನು ತಿಳಿಸಿಕೊಟ್ಟದ್ದು 'ನಡೆದೇ'; 'ಹ್ಯಾಡ್ ಬೆಟರ್' ಎಂಬುದರ ಮೂಲವನ್ನು ತೋರಿಸಿದ್ದು 'ನನಗೆ.' ಕನ್ನಡದ ವಾಕ್ಯ ತನ್ನೊಳಗೆ ಏನು ಮಾಡುತ್ತದೆಂದು ಬಲ್ಲ ಮಗು ಇಂಗ್ಲಿಷಿನ ವಾಕ್ಯವನ್ನೂ ಬಿಚ್ಚಿ ನೋಡಬಲ್ಲದು. ಐವತ್ತು ವರ್ಷಗಳಿಂದ ಈ ಕನ್ನಡ ಶಾಲೆಯಲ್ಲಿ ಓದಿ ಹೊರಗೆ ಹೋಗಿ ನಾಲ್ಕಾರು ಭಾಷೆಗಳಲ್ಲಿ ವ್ಯವಹರಿಸುತ್ತಿರುವ ಹಳೆ ವಿದ್ಯಾರ್ಥಿಗಳೇ ಇದಕ್ಕೆ ಸಾಕ್ಷಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಒಂದೇ ಭಾಷೆಗೆಂದು ಹೇಳಿದ್ದಲ್ಲ. ಮುಂದಿನ ಐವತ್ತು ವರ್ಷಗಳಲ್ಲಿಯೂ ಈ ಶಾಲೆಯ ಮಕ್ಕಳು ಯಾವ ಭಾಷೆಯಲ್ಲಿ ಮಾತನಾಡಿದರೂ ಇಷ್ಟವನ್ನು ಇಷ್ಟವೆಂದೂ, ಎಚ್ಚರಿಕೆಯನ್ನು ಎಚ್ಚರಿಕೆಯೆಂದೂ, ಹಕ್ಕನ್ನು ಹಕ್ಕೆಂದೂ ಹೇಳಬಲ್ಲವರಾಗಲಿ ಎಂದು ಹಾರೈಸುತ್ತೇನೆ.